ನೆಲಕ್ಕೆ ಬಿದ್ದ ಗರಿ

ಕುಣಿಯುತ್ತಿದ್ದ ಡಾರ್ಲಾಳ ಮುಡಿಯಿಂದ ಹದ್ದಿನ ಗರಿ ಕಳಚಿ ನೆಲಕ್ಕೆ ಬಿತ್ತು. ನಗಾರಿ ನಿಂತಿತು. ಹಬ್ಬಕ್ಕೆಂದು ಬಯಲಿನ ಸುತ್ತ ಕೂತಿದ್ದ ಅಮೆರಿಕದ ಮೂಲನಿವಾಸಿ ಲಕೋಟಾ ಜನರೆಲ್ಲ ಎದ್ದು ಟೋಪಿ ತೆಗೆದರು. ಬಿದ್ದ ಗರಿಯೆಂದರೆ ರಣದಲ್ಲಿ ಬಿದ್ದ ಯೋಧ. ಅದನ್ನು ಯುದ್ಧದಲ್ಲಿ ಗಾಯಗೊಂಡವನೇ ಎತ್ತಬೇಕು; ಎತ್ತಿದವನು ತಾನು ರಣದಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳಬೇಕು. ಗರಿ ಕೈಯಲ್ಲಿರುವಾಗ ಸುಳ್ಳಾಡುವಂತಿಲ್ಲ.

ವರ್ಜಿಲ್ ಮೆಲ್ಲಗೆ ಕರಿದ ರೊಟ್ಟಿಯ ಅಂಗಡಿ ಕಡೆ ಹೆಜ್ಜೆ ಹಾಕಿದ. ಅವನ ಎದೆಯ ಮೇಲೆ ವಿಯೆಟ್ನಾಮಿನ ಬೆಳ್ಳಿ ಪದಕವಿತ್ತು. ತನ್ನ ಕಾಲಿಗೆ ಗುಂಡು ತಗುಲಿದ್ದರೂ ದೊಡ್ಡಪ್ಪನ ಮಗ ವೆಂಡೆಲ್‌ನನ್ನು ಗದ್ದೆ ದಾಟಿಸಿ ಹೊತ್ತು ತಂದ ವೀರನೆಂದು ಕೊಟ್ಟದ್ದು. ವೆಂಡೆಲ್ ಬದುಕಲಿಲ್ಲ. ಡಾರ್ಲಾ ಅವನ ಮೊಮ್ಮಗಳು.

ಕುಣಿತ ನಡೆಸಿಕೊಡುತ್ತಿದ್ದ ಆರ್ವಿಲ್ ಧ್ವನಿವರ್ಧಕದಲ್ಲೇ ತಡೆದ: "ವರ್ಜಿಲ್ ಮಾವ, ಗರಿ ಬಿದ್ದಾಗ್ಲೆಲ್ಲ ನಿನಗೆ ಹಸಿವಾಗುತ್ತಲ್ಲ, ಅದೇನು? ಇವತ್ತು ತಪ್ಪಿಸ್ಕೊಳ್ಳೋಕಾಗಲ್ಲ. ಕ್ಲೆಮೆಂಟ್ ಚಳಿಗಾಲದಲ್ಲೇ ತೀರ್ಕೊಂಡ, ಹಾರ್ವಿ ಆಸ್ಪತ್ರೇಲಿದ್ದಾನೆ. ಯುದ್ಧದಲ್ಲಿ ಗಾಯ ಆದೋರಲ್ಲಿ ಉಳಿದಿರೋನು ನೀನೊಬ್ಬನೇ."

ಒಂದಿಬ್ಬರು ಮೆಲ್ಲಗೆ ನಕ್ಕರು. ಅವನು ಹಿಂದೆ ಸರಿಯುವುದು ವಿನಯವೆಂದೇ ಅವರು ತಿಳಿದಿದ್ದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ಇವನು ಮೂವತ್ತಾರು ವರ್ಷದಿಂದ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಬಗ್ಗಿ ಗರಿ ಎತ್ತಿದ. ಆರ್ವಿಲ್ ಮೈಕು ಹಿಡಿದ. ಪದಕದ ಕಥೆಯನ್ನೇ ಇನ್ನೊಮ್ಮೆ ಒಪ್ಪಿಸಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಡಾರ್ಲಾ ಎರಡೂ ಕೈ ಚಾಚಿ ನಿಂತಿದ್ದಳು. ನಾಚಿಕೆಯಿಂದ ಅವನ ಮೈ ಹಿಡಿಯಾಯಿತು.

"ನಾನು ಅವನನ್ನ ಹೊರಲಿಲ್ಲ," ಎಂದ. "ನನಗೆ ಕಾಲಿಗೆ ಗುಂಡು ಬಿತ್ತು. ಹೊತ್ತೋನು ವೆಂಡೆಲ್. ಗದ್ದೆ ದಾಟಿಸಿದ. ಬದುವಿನ ಹತ್ರ ಅವನಿಗೆ ಹೊಟ್ಟೆಗೆ ಬಿತ್ತು. ನೀರು ಕೇಳ್ದ. ಕೈಗೆಟುಕೋ ದೂರದಲ್ಲೇ ಇದ್ದ. ನಾನು ತಲೆ ಎತ್ತಲಿಲ್ಲ, ಹೆದ್ರಿದ್ದೆ. ಅವನು ಸುಮ್ಮನಾದ್ಮೇಲೆ ತೆವಳ್ಕೊಂಡು ಹೋಗಿ ತಬ್ಕೊಂಡೆ. ಹೆಲಿಕಾಪ್ಟರಿನೋರು ನೋಡಿದ್ದು ಅದನ್ನ. ನಾನೇ ಹೊತ್ತು ತಂದೆ ಅಂತ ಬರ್ಕೊಂಡ್ರು. ನಾನು ಅಲ್ಲ ಅನ್ನಲಿಲ್ಲ."

ಗರಿ ಎತ್ತಿದವನ ಕೈ ಕುಲುಕಲು ಸಾಲುಗಟ್ಟುವುದು ವಾಡಿಕೆ. ಯಾರೂ ಬರಲಿಲ್ಲ. ಡಾರ್ಲಾ ಗರಿ ತೆಗೆದುಕೊಂಡಳು, ಅವನ ಮುಖ ನೋಡಲಿಲ್ಲ.

ಬಂದವಳು ವೆಂಡೆಲ್‌ನ ಹೆಂಡತಿ ಆರ್ಡಿತ್. ಪ್ರತಿ ವರ್ಷ ಹಬ್ಬದೂಟದ ಮೊದಲ ತಟ್ಟೆಯನ್ನು ಅವನಿಗೇ ಕೊಟ್ಟವಳು. ಬಾವುಟ ಹಿಡಿದು ಅವನು ಮೆರವಣಿಗೆಯ ಮುಂದೆ ನಡೆದಾಗ ಹಿಂದೆ ನಡೆದವಳು.

"ಅತ್ತಿಗೆ..."

"ನೀರು ಕೇಳಿದ್ನಾ?"

"ಕೇಳ್ದ."

ಅವಳು ನಗಾರಿಯವರ ಕಡೆ ತಿರುಗಿ, "ಮರ್ಯಾದೆ ಹಾಡು ಎತ್ತಿ. ವೆಂಡೆಲ್ ಹೆಸರಲ್ಲಿ," ಎಂದಳು.

ನಗಾರಿ ಶುರುವಾಯಿತು. ಆರ್ಡಿತ್ ಮೊಮ್ಮಗಳ ಕೈ ಹಿಡಿದು ಬಯಲು ಸುತ್ತತೊಡಗಿದಳು. ಜನ ಒಬ್ಬೊಬ್ಬರಾಗಿ ಹಿಂದೆ ಸೇರಿಕೊಂಡರು. ವರ್ಜಿಲ್ ಪದಕ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದ.

ಒಂದು ಸುತ್ತು ಮುಗಿಸಿ ಅವನೆದುರು ಬಂದಾಗ ಅವಳು ನಿಲ್ಲದೆಯೇ ಹೇಳಿದಳು:

"ನೀನೂ ಬಾ. ಎಲ್ಲರಿಗಿಂತ ಹಿಂದೆ."