ಬಿಟ್ಟುಬಿಟ್ಟ ಉತ್ತರ

ಗಾಳಿ ನಿಂತುಹೋಗಿ ವರ್ಷಗಳೇ ಕಳೆದಿದ್ದವು. ಒಲೆಯ ಹೊಗೆ ಎದ್ದಲ್ಲೇ ನಿಲ್ಲುತ್ತಿತ್ತು. ಧಾರವಾಡದ ಜನ ಬೆಳಗಾದರೆ ಅದನ್ನು ಬುಟ್ಟಿಗೆ ತುಂಬಿ ಊರಾಚೆ ಸುರಿದು ಬರುತ್ತಿದ್ದರು. ಪ್ರೊಫೆಸರ್ ಸುನಂದಾ ಹಂಚಿನಮನಿ ಮಾತ್ರ ಇನ್ನೂ ಗಾಳಿಯ ಗಣಿತ ಕಲಿಸುತ್ತಿದ್ದರು. ಪಿಎಚ್.ಡಿ., ಪದಕ, ನೌಕರಿ ಎಲ್ಲವನ್ನೂ ಅವರಿಗೆ ಗಾಳಿಯೇ ಕೊಟ್ಟಿತ್ತು. ತರಗತಿಯಲ್ಲಿ ಈಗ ಉಳಿದವಳು ನೀಲಾಂಬಿಕೆ ಒಬ್ಬಳೇ.

ಅಂದೂ ಹಲಗೆಯ ತುಂಬ ಸಮೀಕರಣ ಬರೆದು, ಬದುಕಿಡೀ ಹೇಳಿಕೊಂಡು ಬಂದಂತೆಯೇ ಹೇಳಿದರು: "ನೋಡವಾ, ಗಾಳಿ ವೇಗ ಸೊನ್ನೆ ಅಂತ ಹಾಕಿದ್ರೂ ಇದು ಸರಿಹೊಂದತದ. ಆದ್ರ ಅದು ಕೆಲಸಕ್ಕ ಬಾರದ ಉತ್ತರ. ಅದನ್ನ ಬಿಟ್ಟು ಮುಂದ ಹೋಗೋಣು."

ನೀಲಾಂಬಿಕೆ ಪೆನ್ನು ಕೆಳಗಿಟ್ಟಳು. "ಮೇಡಂ, ಈಗ ನಾವು ಆ ಉತ್ತರದಾಗ ಅದೀವಲ್ರಿ?"

ಸುನಂದಾ ಬರೆದದ್ದನ್ನೆಲ್ಲ ಒರೆಸಿದರು. ಒರೆಸಿದ ಸೀಮೆಸುಣ್ಣದ ಪುಡಿ ಅವರ ಮುಖದೆದುರು ಅಲುಗದೆ ನಿಂತಿತ್ತು.

"ಒಮ್ಮೆ ಸೊನ್ನೆ ಆದ್ಮ್ಯಾಲ ಮತ್ತ ತಾನಾಗೇ ಬೀಸಂಗಿಲ್ಲೇನ್ರಿ?" ಹುಡುಗಿಯ ದನಿಯಲ್ಲಿ ಆಸೆಯಿತ್ತು.

"ಎಂದೂ ಬೀಸಂಗಿಲ್ಲವಾ," ಎಂದರು ಸುನಂದಾ. "ಅದನ್ನ ಸಾಧಿಸಿ ತೋರಿಸಿದ್ದಕ್ಕ ನನಗ ಪದಕ ಕೊಟ್ಟಿದ್ರು."