ತಂದೆಯಿಲ್ಲದ ಮಗುವಿನ ಪಾತ್ರ

ರಟ್ಟಿಗೆ ಹಚ್ಚಿದ ಹಸಿ ಬಣ್ಣದ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಉಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕಾದ ಇದ್ದತ್ತಿನಲ್ಲಿದ್ದ ಉಮ್ಮ, ಗಲ್ಫಿನ ಖಾಲಿದಿಯಾ ಬಡಾವಣೆಯಲ್ಲಿದ್ದ ತನ್ನ ಅಣ್ಣನ ಫ್ಲಾಟಿನಿಂದ ಹೊರಗೆ ಕಾಲಿಡುವಂತಿರಲಿಲ್ಲ. ಶಾಲೆಯಲ್ಲಿ ಬ್ರಿಟನ್ನರ ಹಳೆಯ ರಾಜನೊಬ್ಬನ ನಾಟಕವಿತ್ತು. ಅವನು ಕಟ್ಟಿಸಿದ ಕೋಟೆ ದಿನವೂ ಕುಸಿಯುತ್ತದೆ; ತಂದೆಯಿಲ್ಲದ ಮಗುವಿನ ರಕ್ತ ಚಿಮುಕಿಸಿದರೆ ನಿಲ್ಲುತ್ತದೆಂದು ಮಂತ್ರವಾದಿಗಳು ಹೇಳುತ್ತಾರೆ. ಆ ಮಗುವಿನ ಪಾತ್ರಕ್ಕೆ ಟೀಚರ್ ನನ್ನನ್ನೇ ಆರಿಸಿ, "ನಿನಗೆ ಸರಿಯಾಗಿ ಹೊಂದುತ್ತದೆ" ಎಂದರು. ರಟ್ಟಿನ ಕೋಟೆಗೆ ಬಣ್ಣ ಬಳಿಯುತ್ತಿದ್ದ ಮಕ್ಕಳೆಲ್ಲ ತಿರುಗಿ ನನ್ನನ್ನು ನೋಡಿದರು.

ಮನೆಗೆ ಬಂದು ಹೇಳಿದಾಗ ಉಮ್ಮನ ಮುಖ ಕೆಂಪಾಯಿತು. "ಗೋಡೆ ಕಟ್ಟಲಿಕ್ಕೆ ಗೊತ್ತಿಲ್ಲದ ರಾಜನಿಗೆ ಯತೀಮ್ ಮಗುವಿನ ರಕ್ತ ಯಾಕೆ? ನಮ್ಮ ಪ್ರವಾದಿಯವರೂ ಯತೀಮರಾಗಿಯೇ ಹುಟ್ಟಿದ್ದು. ಇವಳನ್ನು ಸ್ಟೇಜಿಗೆ ಹತ್ತಿಸಿ ತೋರಿಸ್ತಾರಾ?"

"ನಾಟಕ ಅಲ್ವಾ ಮಾರಾಯ್ತಿ, ಕೊನೆಗೆ ಮಗು ಸಾಯುದಿಲ್ಲವಂತೆ" ಎಂದರು ಮಾಮ.

"ನನಗೆ ಹೊರಗೆ ಹೋಗ್ಲಿಕ್ಕಿಲ್ಲ. ಹೋಗ್ಲಿಕ್ಕೆ ಆಗುವವರು ಕೂತು ಚಾ ಕುಡೀತಾ ಇದ್ದಾರೆ."

ಮಾಮ ಲೋಟ ಕೆಳಗಿಟ್ಟು ಟೀಚರಿಗೆ ಫೋನ್ ಮಾಡಿದರು. ಟೀಚರ್ ವಿವರಿಸಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಬೇರೆ ಯಾರನ್ನಾದರೂ ನೋಡಿ ಮಿಸ್," ಎಂದರು. "ಈ ಮಗುವಿಗೆ ನಾನಿದ್ದೇನೆ."