ಎರಡನೇ ಸೇತುವೆ

“ನಾನಿಲ್ದಿದ್ರೆ ನೀನು ಇಷ್ಟು ದೂರ ಬರ್ತಿದ್ಯಾ?” ಎಂದು ಕಯಾಕಿನ ಮುಂದಿನ ಸೀಟಿನಲ್ಲಿದ್ದ ಗಂಡ ಕೇಳಿದಾಗ, ಹಿಂದೆ ಕೂತಿದ್ದ ಹೆಂಡತಿ ತನ್ನ ಹುಟ್ಟನ್ನು ನೀರಿನಿಂದೆತ್ತಿ ತೊಡೆಯ ಮೇಲಿಟ್ಟುಕೊಂಡಳು. ಅವಳ ಉಣ್ಣೆಯ ಕೈಗವಸು ಚಳಿಗಾಲದ ಹೊಳೆನೀರಿಗೆ ತೊಯ್ದು ತೊಪ್ಪೆಯಾಗಿತ್ತು. ಅವನದು ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಒಣಗಿತ್ತು.

ಆ ಒಣ ಕೈಯಲ್ಲಿ ಫೋನು ಹಿಡಿದು ವಿಡಿಯೋ ಮಾಡುತ್ತಾ ಅವನು ಪರದೆಯಲ್ಲಿದ್ದ ತನ್ನದೇ ಮುಖಕ್ಕೆ ಉಪದೇಶ ಕೊಡುತ್ತಿದ್ದ. “ಸೆಳವಿಗೆ ಎದುರಾಗಿ ಹೋಗೋಕೆ ತೋಳಲ್ಲಿ ಕಸುವು ಬೇಕು, ಸ್ನೇಹಿತರೇ. ನಮ್ಮ ಬೇಕರಿಯೂ ಹಾಗೇ. ಮುಂದೆ ಕೂತವನು ದಾರಿ ತೋರಿಸ್ಬೇಕು.” ಬೇಕರಿಯಲ್ಲೂ ಅವನು ಕೂರುವುದು ಮುಂದೆಯೇ, ಗಲ್ಲಾದಲ್ಲಿ, ಹೀಟರಿನ ಪಕ್ಕ. ಒಳಗೆ ಹಿಟ್ಟು ನಾದಿ ನಾದಿ ಇವಳ ಮಣಿಕಟ್ಟು ಬಾತುಕೊಂಡಾಗ, ವಯಸ್ಸಾಯ್ತಲ್ಲ ಎಂದು ತೀರ್ಪು ಕೊಟ್ಟ ಮಹಾನುಭಾವ.

ಕಯಾಕು ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಆಗಲೇ ದಾಟಿ ಬಂದಿದ್ದ ಸೇತುವೆ, ಆ ಹೊಳೆಗಿದ್ದ ಒಂದೇ ಒಂದು ಸೇತುವೆ, ಬೆನ್ನ ಹಿಂದಿನಿಂದ ಬಂದು ಇಬ್ಬರ ಮೇಲೂ ನೆರಳು ಚೆಲ್ಲಿತು. ಫೋನಿನಲ್ಲಿ ತನ್ನ ಮುಖ ಬಿಟ್ಟು ಬೇರೇನೂ ಕಾಣದ ಅವನು ಒಮ್ಮೆ ತಲೆಯೆತ್ತಿ, ಬಹಳ ಗಾಂಭೀರ್ಯದಿಂದ, “ನೋಡಿ, ಎರಡನೇ ಸೇತುವೆಯೂ ಬಂದೇಬಿಡ್ತು,” ಎಂದ.

ಅವಳಿಗೆ ಬೈಯಬೇಕೆಂದೂ ಅನ್ನಿಸಲಿಲ್ಲ. ಹುಟ್ಟಿನ ಒದ್ದೆ ತುದಿಯಿಂದ ಅವನ ಬೆನ್ನು ತಟ್ಟಿದಳು.

“ಫೋನ್ ಇಲ್ಲಿ ಕೊಡಿ, ವಿಡಿಯೋ ನಾನು ಮಾಡ್ತೀನಿ. ನೀವು ಹುಟ್ಟು ಹಾಕಿ. ನಾಳೆಯಿಂದ ಬೇಕರಿಯಲ್ಲೂ ಅಷ್ಟೇ. ಗಲ್ಲಾದಲ್ಲಿ ನಾನು ಕೂರ್ತೀನಿ, ನೀವು ಹಿಟ್ಟು ನಾದಿ.”